ಉತ್ತರಾಣಿ: ಬದುವಿನ ಮೇಲಿನ ಹಲ್ಲುಕಡ್ಡಿ

ನಿಮ್ಮ ಮುಂದಿರುವುದು ಉತ್ತರಾಣಿ. ದಂಟಿನ ಸೊಪ್ಪಿನ ಕುಟುಂಬದ ಗಿಡ. ಸಂಸ್ಕೃತದಲ್ಲಿ ಅಪಾಮಾರ್ಗ, ಬೀದರ ಜಿಲ್ಲೆಯ ಔರಾದ ಭಾಗದ ಮರಾಠಿ ಮನೆಗಳಲ್ಲಿ ಆಘಾಡಾ. ಮಳೆ ಬಿದ್ದ ಮೇಲೆ ತೊಗರಿ, ಸೋಯಾ ಹೊಲಗಳ ಬದುವಿನಲ್ಲಿ, ಹಾಳುಗೋಡೆಯ ಬುಡದಲ್ಲಿ ಯಾರೂ ಬಿತ್ತದೆ ಬೆಳೆಯುತ್ತದೆ.

ಅಥರ್ವವೇದದಲ್ಲೇ ಇದರ ಹೆಸರಿದೆ. ಚರಕ ಸಂಹಿತೆಯ ಸೂತ್ರಸ್ಥಾನದ 2ನೇ ಅಧ್ಯಾಯ ಇದರ ಬೀಜದ ಹೆಸರನ್ನೇ ಹೊತ್ತಿದೆ: ಅಪಾಮಾರ್ಗತಂಡುಲೀಯ. ತಲೆನೋವಿಗೂ ಅರೆತಲೆಶೂಲೆಗೂ ಮೂಗಿನ ಮೂಲಕ ಕೊಡುವ ಔಷಧಿಗಳಲ್ಲಿ ಈ ಬೀಜವನ್ನು ಅಲ್ಲಿ ಮೊದಲು ಹೇಳಲಾಗಿದೆ.

ಹಳ್ಳಿಯ ಬಳಕೆ ಇನ್ನೂ ಸರಳ. ಗಟ್ಟಿಯಾದ ಕಾಂಡವನ್ನೋ ಬೇರನ್ನೋ ಗೇಣುದ್ದ ಮುರಿದು, ತುದಿಯನ್ನು ಕುಂಚದಂತೆ ನಾರಾಗುವವರೆಗೆ ಜಗಿದು ಹಲ್ಲುಜ್ಜುತ್ತಿದ್ದರು. ಒಸಡು ಬಾತಾಗ ಬೇರಿನ ಕಷಾಯದಿಂದ ಬಾಯಿ ಮುಕ್ಕಳಿಸುವುದಿತ್ತು. ಭಾದ್ರಪದದ ಋಷಿ ಪಂಚಮಿಯಂದು ವ್ರತ ಹಿಡಿದ ಹೆಣ್ಣುಮಕ್ಕಳು ಇದೇ ಕಡ್ಡಿಯಿಂದ ಹಲ್ಲುಜ್ಜುತ್ತಾರೆ. ಅದರ ಹಿಂದಿನ ದಿನವೇ ಗಣಪತಿಯ 21 ಪತ್ರೆಗಳಲ್ಲಿ ಒಂದಾಗಿ ಪೂಜೆಗೂ ಬರುತ್ತದೆ. ಒಂದು ಕಳೆಗೆ ಸಿಕ್ಕ ಈ ಮರ್ಯಾದೆ ದೊಡ್ಡದು.

ತೆನೆಯನ್ನು ಹತ್ತಿರದಿಂದ ನೋಡಿ. ತುದಿಯ ಮೊಗ್ಗುಗಳು ಮೇಲ್ಮುಖ. ಕೆಳಗಿನ ಕಾಯಿಗಳು ತಲೆಕೆಳಗಾಗಿ ಕಾಂಡಕ್ಕೆ ಒತ್ತಿಕೊಂಡಿವೆ. ಅವುಗಳ ಚೂಪು ಮುಳ್ಳು ಧೋತರ, ಸೀರೆಯ ಅಂಚು, ದನದ ಮೈಗೆ ಅಂಟಿಕೊಂಡು ಬೀಜವನ್ನು ಊರಿಂದೂರಿಗೆ ಸಾಗಿಸುತ್ತದೆ.

ಗರ್ಭಿಣಿಯರು ಇದನ್ನು ಸೇವಿಸಬಾರದು. ಹಲ್ಲುನೋವು ಬಿಡದಿದ್ದರೆ ದಂತವೈದ್ಯರಿಗೆ ತೋರಿಸಿ.