ಹೆಣ್ಣಿಲಿಯ ಮೇಲಿನ ಅಪವಾದ

ಔಷಧಗಳು ಮನುಷ್ಯರನ್ನು ತಲುಪುವ ಮುನ್ನ ಇಲಿಗಳ ಮೇಲೆ ಪರೀಕ್ಷೆಗೊಳ್ಳುವುದನ್ನು ನೀವು ಬಲ್ಲಿರಿ. ಆ ಇಲಿಗಳು ದೀರ್ಘಕಾಲ ಬಹುಪಾಲು ಗಂಡೇ ಆಗಿದ್ದವು. 4-5 ದಿನಗಳ ಋತುಚಕ್ರದಿಂದಾಗಿ ಹೆಣ್ಣಿಲಿಯ ಫಲಿತಾಂಶಗಳು ಏರುಪೇರಾಗುತ್ತವೆಂಬುದು ವಿಜ್ಞಾನಿಗಳು ನೀಡುತ್ತಿದ್ದ ಕಾರಣ. (ಪರೀಕ್ಷಿಸದೆ ಏನನ್ನೂ ನಂಬಬಾರದೆಂದು ನಮಗೆ ಕಲಿಸಿದವರೂ ಅವರೇ!) 2014ರಲ್ಲಿ 293 ಪ್ರಬಂಧಗಳ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಣ್ಣಿಲಿಯಲ್ಲಿ ಗಂಡಿಗಿಂತ ಹೆಚ್ಚಿನ ಏರುಪೇರು ಕಾಣಲಿಲ್ಲ.

ನಷ್ಟವಾದರೂ ಯಾರಿಗೆ? 2015ರಲ್ಲಿ ಕೆನಡಾದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು ಬೆನ್ನುಹುರಿಯ ಮೈಕ್ರೋಗ್ಲಿಯಾ ಕೋಶಗಳನ್ನು ತಡೆದಾಗ ಗಂಡಿಲಿಯ ನೋವು ಶಮನವಾಯಿತು, ಹೆಣ್ಣಿಲಿಯದು ಆಗಲಿಲ್ಲ. ನೋವಿನ ಮಾತ್ರೆ ನುಂಗುವ ನಮ್ಮ ಮನೆಯ ಹೆಂಗಸರಿಗೆ ಇದು ಸಣ್ಣ ಸಂಗತಿಯೆಂದು ನಾನು ಭಾವಿಸಲಾರೆ.

ಮಾನವರ ಪರೀಕ್ಷೆಗಳಲ್ಲಿ ಸ್ತ್ರೀಯರನ್ನು ಸೇರಿಸಬೇಕೆಂದು ಅಮೆರಿಕದಲ್ಲಿ 1993ರಲ್ಲಿಯೇ ಶಾಸನವಾಗಿತ್ತು. ಒಂದೇ ಲಿಂಗದ ಪ್ರಾಣಿಗಳನ್ನು ಬಳಸುವವರು ಬಲವಾದ ಸಮರ್ಥನೆ ನೀಡಬೇಕೆಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ವಿಧಿಸಿದ್ದು 2016ರ ಜನವರಿಯಲ್ಲಿ.