ಬೆಂಗಳೂರಲ್ಲಿ ಹುಟ್ಟಬೇಕಿದ್ದ ಕಾರು

ದ್ವಾರಕಾದಲ್ಲಿ ಕಾರಿಗೆ ಬಹಳ ಬೇಗ ವಯಸ್ಸಾಗುತ್ತದೆ. ಊರಿನಲ್ಲಿ ಹದಿನೈದು ವರ್ಷದ ಕಾರು ಅಂದರೆ "ಇನ್ನೂ ಗಟ್ಟಿಯಾಗಿದೆ, ಇಟ್ಕೊಳ್ಳಿ" ಅನ್ನುತ್ತಾರೆ. ಇಲ್ಲಿ ಅದು ಗುಜರಿಗೆ ಹೊರಟ ಮಾಲು. ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷ ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಬಂಕಿನಲ್ಲಿ ಇಂಥ ಗಾಡಿಗಳಿಗೆ ಎಣ್ಣೆಯನ್ನೇ ಹಾಕಬಾರದು ಎಂದಾಯಿತು, ಕೆಲವೇ ದಿನಗಳಲ್ಲಿ ಅದನ್ನು ಮುಂದೂಡಿದರು. ಆಗಸ್ಟಿನಲ್ಲಿ ಕೋರ್ಟು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಆಮೇಲಿನ ಗಾಡಿಗಳಿಗೆ ಮಾತ್ರ ಎಂದು ತಿದ್ದಿತು. ಇಲ್ಲಿನ ಗಾಳಿ ಕುಡಿದವರಿಗೆ ಆದೇಶದ ಕಾರಣ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಆದರೆ ಇದೇ ದೇಶದಲ್ಲಿ 50 ವರ್ಷ ದಾಟಿದ ಕಾರಿಗೆ ರಾಜಮರ್ಯಾದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ಮಾರಾಟದಿಂದ 50 ವರ್ಷ ಕಳೆದಿರಬೇಕು, ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಅಂದರೆ ದೆಹಲಿಯಲ್ಲಿ ಹದಿನೈದಕ್ಕೆ ಮುದುಕಾದ ಪೆಟ್ರೋಲ್ ಕಾರು ಮತ್ತೆ ಗೌರವಕ್ಕೆ ಪಾತ್ರವಾಗಲು ಇನ್ನೂ 35 ವರ್ಷ ಕಾಯಬೇಕು. ರಾಮನಿಗೆ 14 ವರ್ಷ, ಪಾಂಡವರಿಗೆ ಅಜ್ಞಾತವಾಸವೂ ಸೇರಿ 13. ಕಾರಿನ ವನವಾಸವೇ ದೊಡ್ಡದು!

ಇದೆಲ್ಲ ನನಗೆ ಬಾಯಿಪಾಠವಾಗಲು ಕಾರಣ ನಮ್ಮ ತಂದೆಯವರು ಬಿಟ್ಟುಹೋದ 1968ರ ಫಿಯಟ್ 1100 ಡಿಲೈಟ್. ಅದು ತುಮಕೂರಿನಲ್ಲಿ ಅಣ್ಣನ ಮನೆಯ ಶೆಡ್ಡಿನಲ್ಲಿದೆ. ಐವತ್ತು ದಾಟಿ ಪಾಸಾಗಿದೆ. ದ್ವಾರಕಾಕ್ಕೆ ತಂದಿಟ್ಟುಕೊಳ್ಳೋಣ ಎಂಬ ಆಸೆ ನನಗೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಅಡ್ಡ ಬಂತು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ನಮ್ಮದು 'ಎಂವೈ' ಎಂದು ಶುರುವಾಗುವ ಹಳೇ ನಂಬರು, ಮೈಸೂರು ರಾಜ್ಯದ್ದು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರೇ ಕರ್ನಾಟಕ ಆಯಿತು, ಪ್ಲೇಟಿನ ಮೇಲೆ ಮಾತ್ರ ಮೈಸೂರು ಹಾಗೇ ಉಳಿದಿದೆ. "ನಂಬರು ಹೋದ್ರೆ ಇನ್ನೇನು ಉಳೀತೋ?" ಅಂದ ಅಣ್ಣ. ಸರಿ, ಕಾರು ಅಲ್ಲೇ ಇರಲಿ, ರಿಪೇರಿಯೂ ಅಲ್ಲೇ ಆಗಲಿ, ಸಿಕ್ಕದ ಸಾಮಾನನ್ನು ಇಲ್ಲಿಯ ಕಶ್ಮೀರಿ ಗೇಟಿನಲ್ಲಿ ಹುಡುಕಿ ಕಳಿಸುವುದು ನನ್ನ ಪಾಲು ಎಂದಾಯಿತು.

ಈ ಎಂವೈ ಅಕ್ಷರಕ್ಕೂ ಫಿಯಟ್ಟಿಗೂ ಇರುವ ನಂಟು ನಂಬರ್ ಪ್ಲೇಟಿನಷ್ಟು ತೆಳುವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಅಂದರೆ ನಮಗೆ ಕನ್ನಂಬಾಡಿ, ಭದ್ರಾವತಿ, ಮೈಸೂರು ಸ್ಯಾಂಡಲ್ ಸೋಪು. ಅವರ ತಲೆಯಲ್ಲಿ ಒಂದು ಮೋಟಾರು ಕಾರಿನ ಕಾರ್ಖಾನೆಯೂ ಇತ್ತು. ದಿವಾನಗಿರಿ ಬಿಟ್ಟು ಹದಿನೈದು ವರ್ಷವಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1930ರ ದಶಕದ ನಡುವೆ ಅವರು ಯುರೋಪು, ಅಮೆರಿಕಾ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದು ಯೋಜನೆ ತಯಾರಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಕೈಜೋಡಿಸಿದರು. ಮೊದಲು ಬೊಂಬಾಯಿಯ ಕಾಂಗ್ರೆಸ್ ಸರ್ಕಾರ ಬೆಂಬಲ ಕೊಟ್ಟಿತ್ತು, 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ವಾಲಚಂದರು ಅಮೆರಿಕಾದ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಮೈಸೂರಿನತ್ತ ತಿರುಗಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ಬಂಡವಾಳದ ಪಾಲು ಹಾಕಲು ಸಿದ್ಧವಾಯಿತು.

ಆಗಲಿಲ್ಲ. ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧದ ಕಾಲದಲ್ಲಿ ಕಾರಿನ ಕಾರ್ಖಾನೆ ಅನಗತ್ಯ ಎಂಬ ವಾದ, ಮೈಸೂರಿನ ಮೇಲೆ ಒತ್ತಡ. ಮೈಸೂರು ಹಿಂದೆ ಸರಿಯಬೇಕಾಯಿತು. ತಮಾಷೆ ನೋಡಿ, ಅದೇ 1940ರ ಡಿಸೆಂಬರಿನಲ್ಲಿ, ಅದೇ ವಾಲಚಂದರು, ಅದೇ ಮೈಸೂರು ಸರ್ಕಾರದ ಜೊತೆಗೂಡಿ ಅದೇ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು. ಅದೇ ನಮ್ಮ ಎಚ್ಎಎಲ್. ಯುದ್ಧಕ್ಕೆ ವಿಮಾನ ಬೇಕಿತ್ತು, ಕಾರು ಬೇಕಿರಲಿಲ್ಲ! ಎಚ್ಎಎಲ್ ಬಗ್ಗೆ ನಾವು ಎದೆಯುಬ್ಬಿಸಿ ಮಾತಾಡುತ್ತೇವೆ, ಕೈತಪ್ಪಿದ ಕಾರಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗಂತೂ ಎರಡನೆಯದೇ ಹೆಚ್ಚು ಕಾಡುತ್ತದೆ. ವಿಶ್ವೇಶ್ವರಯ್ಯನವರು 1951ರ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ಈ ಕಾರ್ಖಾನೆಯ ಕಥೆಯನ್ನೂ ದಾಖಲಿಸಿದ್ದಾರೆ.

ವಾಲಚಂದರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಕಟ್ಟಿದರು, ಬೊಂಬಾಯಿಯ ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಮೊದಲು ಕ್ರೈಸ್ಲರ್ ಕಂಪನಿಯ ದೊಡ್ಡ ಗಾಡಿಗಳು, 1950ರ ದಶಕದಲ್ಲಿ ಇಟಲಿಯ ಫಿಯಟ್. 1964ರಲ್ಲಿ ಬಂದದ್ದೇ ಡಿಲೈಟ್. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಸೋಫಾದಂಥ ಉದ್ದನೆಯ ಸೀಟು. 1974ರ ಹೊತ್ತಿಗೆ ಇದೇ ಕಾರು ಪ್ರೀಮಿಯರ್ ಪದ್ಮಿನಿ ಆಯಿತು. ಬೊಂಬಾಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯವರೆಗೂ ಓಡಿದವು. ಹೀಗೆ ಬೆಂಗಳೂರಿನಲ್ಲಿ ಹುಟ್ಟಬೇಕಿದ್ದ ಕಂಪನಿಯ ಕಾರು ಕುರ್ಲಾದಲ್ಲಿ ಹುಟ್ಟಿ, ಮೈಸೂರು ರಾಜ್ಯದ ನಂಬರು ಹೊತ್ತು ನಮ್ಮ ಮನೆಗೆ ಬಂತು.

ಪಿತ್ರಾರ್ಜಿತ ಫಿಯಟ್ ನೋಡಬೇಕೆನಿಸಿದರೆ ದೆಹಲಿಯಲ್ಲೂ ಒಂದಿದೆ. ಜನಪಥದ ಹತ್ತಿರ ಮೋತಿಲಾಲ್ ನೆಹರು ಪ್ಲೇಸಿನಲ್ಲಿರುವ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಸ್ಮಾರಕದಲ್ಲಿ 1964ರ ಅವರ ಕಾರು ಇಟ್ಟಿದ್ದಾರೆ, ನಂಬರು ಡಿಎಲ್ಇ 6. ಬೆಲೆ 12,000 ರೂಪಾಯಿ. ಪ್ರಧಾನಿಗಳ ಖಾತೆಯಲ್ಲಿ ಇದ್ದದ್ದು 7,000, ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡರು. ಸಾಲ ಉಳಿದಿತ್ತು. ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ಅದನ್ನು ತೀರಿಸಿದರು. ದೆಹಲಿಗೆ ಬರುವ ನೆಂಟರನ್ನು ಕೆಂಪುಕೋಟೆಗೆ ಕರೆದೊಯ್ಯುವ ಮೊದಲು ನಾನು ಇಲ್ಲಿಗೆ ಕರೆದೊಯ್ಯುತ್ತೇನೆ.

ಇನ್ನು ನಮ್ಮ ಕಾರಿನ ರಿಪೇರಿ. ಮೊದಲು ಕಾಗದ. ತಂದೆಯವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸಲು 31ನೇ ನಮೂನೆ. ಅದು ಅಣ್ಣನ ಹೆಸರಿಗಾಯಿತು. ಆಮೇಲೆ ನಮ್ಮಿಬ್ಬರ ಜಗಳ. ಇದ್ದ ಹಾಗೇ ಇರಬೇಕು, ಒಂದು ಬಲ್ಬೂ ಬದಲಾಗಕೂಡದು ಎಂದು ನಾನು. "ದೆಹಲೀಲಿ ಕೂತು ಹೇಳೋದು ಸುಲಭ. ಮೊಮ್ಮಕ್ಕಳು ಕೂರೋ ಗಾಡಿ ಕಣೋ, ಬ್ರೇಕ್ ಮೊದಲು," ಎಂದು ಅಣ್ಣ.

ಅಣ್ಣನ ಮಾತಿನಲ್ಲಿ ಹುರುಳಿದೆ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಆ ಕಾಲದ ಹೆಚ್ಚಿನ ಕಾರುಗಳ ಹಾಗೆ ಎಲ್ಲಕ್ಕೂ ಒಂದೇ ಲೈನು. ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಹೋದವು. ಸೀಟ್ ಬೆಲ್ಟ್ ಇಲ್ಲ. ಡೈನಮೊ ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ ಓಡುವಾಗ ಸಾಕಷ್ಟು ಕರೆಂಟು ಹುಟ್ಟಿಸುವುದಿಲ್ಲ. ಹೆಡ್‌ಲೈಟು ಹಾಕಿ ಸಿಗ್ನಲ್ಲಿನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತದೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಹಳೇ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಅದಕ್ಕೆ ಮೆತ್ತಗಾಗಿ ಬಿರುಕು ಬಿಡುತ್ತವೆ. ಮೂಲರೂಪ ಅಂತ ಅವನ್ನೇ ಇಟ್ಟುಕೊಂಡರೆ ಬೆಂಕಿ ಬಿದ್ದೀತು.

ಹಾಗಾದರೆ ಎಷ್ಟು ಬದಲಾಯಿಸಿದರೆ ಅದು ಇನ್ನೂ ಅದೇ ಕಾರು? 2021ರ ನಿಯಮ ಸಾರಾಸಗಟು ಮಾರ್ಪಾಡು ಕೂಡದು ಎಂದು ಹೇಳುವಾಗ ಹೆಸರಿಸುವುದು ಮೂರನ್ನು: ಚಾಸಿ, ಬಾಡಿ, ಇಂಜಿನ್. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಚಾರ್ಟರ್ ಇನ್ನೂ ಚೆನ್ನಾಗಿ ಹೇಳುತ್ತದೆ. (ಟ್ಯೂರಿನ್ ಅಂದರೆ ಫಿಯಟ್ಟಿನ ತವರೂರು!) ಬದಲಾವಣೆ ಅನಿವಾರ್ಯವಾದರೆ ಕಣ್ಣಿಗೆ ಹೊಡೆಯದಂತಿರಲಿ, ವಾಪಸು ಮಾಡುವಂತಿರಲಿ, ಬಿಚ್ಚಿದ ಹಳೇ ಭಾಗಗಳನ್ನು ಕಾರಿನೊಂದಿಗೇ ಇಟ್ಟುಕೊಳ್ಳಿ ಅನ್ನುತ್ತದೆ. ಇದನ್ನು ಫೋನಿನಲ್ಲಿ ಓದಿ ಹೇಳಿದ ಮೇಲೆ ಜಗಳ ಅರ್ಧ ಇಳಿಯಿತು.

ಹೀಗೆ ತೀರ್ಮಾನವಾಯಿತು. ಇಂಜಿನ್ ಬಿಚ್ಚಿ ರಿಂಗು, ವಾಲ್ವು ನೋಡಿಸುವುದು, ಬೇರೆ ಇಂಜಿನ್ ಕೂರಿಸುವುದಿಲ್ಲ. ಇಂಜಿನ್ ತೆಗೆದು ಮೋಟಾರು, ಬ್ಯಾಟರಿ ಹಾಕಿಸಿ ಎಲೆಕ್ಟ್ರಿಕ್ ಮಾಡೋಣ ಎಂದು ಅಣ್ಣನ ಮಗ ಒಂದು ಅರ್ಜಿ ಹಾಕಿದ್ದ, ಅದು ಅಲ್ಲೇ ವಜಾ ಆಯಿತು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು, ಕಂಡೆನ್ಸರ್ ಬದಲು ಎಲೆಕ್ಟ್ರಾನಿಕ್ ಇಗ್ನಿಶನ್, ಮೇಲಿನ ಕ್ಯಾಪ್ ಹಳೆಯದೇ. ಡೈನಮೊ ಜಾಗಕ್ಕೆ ಆಲ್ಟರ್ನೇಟರ್. ಪೆಟ್ರೋಲಿನ ದಾರಿಯ ರಬ್ಬರೆಲ್ಲ ಹೊಸತು. ವೈರಿಂಗ್ ಹೊಸತು, ಫ್ಯೂಸುಗಳೊಂದಿಗೆ. ಬ್ರೇಕಿಗೆ ಎರಡು ಲೈನಿನ ಮಾಸ್ಟರ್ ಸಿಲಿಂಡರ್, ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಅಂತ. ಸೀಟ್ ಬೆಲ್ಟಿಗೆ ಮಾತ್ರ ಬಾಡಿಗೆ ತೂತು ಕೊರೆಯಬೇಕು. ಅದರ ಮಾತುಕತೆ ಇನ್ನೂ ಮುಗಿದಿಲ್ಲ, ಅಣ್ಣ ಗೆಲ್ಲುವ ಲಕ್ಷಣ ಕಾಣುತ್ತಿದೆ.

ಅಂದಹಾಗೆ, ವಿಂಟೇಜ್ ನೋಂದಣಿ ಮಾಡಿಸಿದರೂ ಮೊದಲೇ ನಂಬರಿದ್ದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ಹೊಸ 'ವಿಎ' ಸರಣಿಗೆ ಹೋಗಬೇಕಿಲ್ಲ. ಆದರೆ ಆಮೇಲೆ ಅದನ್ನು ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪೆಟ್ರೋಲು, ರಿಪೇರಿ ಇಷ್ಟಕ್ಕೇ ರಸ್ತೆಗಿಳಿಸಬೇಕು, ದಿನಬಳಕೆಗಿಲ್ಲ. ತುಮಕೂರಿನಿಂದ ಸಿದ್ಧಗಂಗೆಗೆ ಹೋಗಿಬರುವುದು ಇದರಲ್ಲಿ ಯಾವುದಕ್ಕೆ ಸೇರುತ್ತದೋ! ಅದಕ್ಕೇ ಅಣ್ಣ ಆ ಅರ್ಜಿಯನ್ನು ಭರ್ತಿ ಮಾಡಿ ಬೀರುವಿನಲ್ಲಿಟ್ಟಿದ್ದಾನೆ, ಕೊಟ್ಟಿಲ್ಲ. ಬಿಚ್ಚಿದ ಡೈನಮೊ, ಪಾಯಿಂಟ್ ಸೆಟ್ಟು, ಹಳೇ ಮಾಸ್ಟರ್ ಸಿಲಿಂಡರ್ ಎಲ್ಲ ಶೆಡ್ಡಿನಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿವೆ. ನನ್ನ ಪಾಲಿಗೆ ಬಂದಿರುವುದು ಕಿಟಕಿಯ ಬೀಡಿಂಗ್ ರಬ್ಬರು. ಕಶ್ಮೀರಿ ಗೇಟಿನಲ್ಲಿ ಮೂರು ಅಂಗಡಿ ಮುಗಿದಿವೆ, ಮುಂದಿನ ಶನಿವಾರ ಮಾಯಾಪುರಿಗೆ ಹೋಗಿ ನೋಡಬೇಕು.