ಸೋರಿಯಾಸಿಸ್ ಇದ್ದವರಿಗೆ ಗಾಯ ಮಾಯುವುದೇ ಇಲ್ಲವೇ?

"ಸೋರಿಯಾಸಿಸ್ ಇರುವವರು ಆಪರೇಷನ್ ಮಾಡಿಸಿಕೊಳ್ಳಬಾರದು, ಗಾಯ ಮಾಯುವುದಿಲ್ಲ" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ಸಕ್ಕರೆ ಕಾಯಿಲೆಯ ವಿಷಯವನ್ನು ತಂದು ಸೋರಿಯಾಸಿಸ್‌ಗೆ ಅಂಟಿಸಿದಂತಿದೆ. ಮಧುಮೇಹದಲ್ಲಿ ನರಗಳು ಮತ್ತು ರಕ್ತಸಂಚಾರ ಕೆಟ್ಟು ಕಾಲಿನ ಗಾಯ ಹಾಗೇ ಉಳಿಯುತ್ತದೆ. ಸೋರಿಯಾಸಿಸ್‌ನಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ಉಲ್ಟಾ.

ಚರ್ಮ ಕುಯ್ದುಕೊಂಡಾಗ ರಕ್ತ ಹೆಪ್ಪುಗಟ್ಟುತ್ತದೆ, ಬಿಳಿ ರಕ್ತಕಣಗಳು ಧಾವಿಸುತ್ತವೆ, ಅಂಚಿನ ಕೆರಟಿನೋಸೈಟ್ ಕೋಶಗಳು ಬೇಗಬೇಗ ಹೆಚ್ಚಿ ಗಾಯವನ್ನು ಮುಚ್ಚುತ್ತವೆ. ಮುಚ್ಚಿದ ಮೇಲೆ ಎಲ್ಲವೂ ತಣ್ಣಗಾಗಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಈ ತಣ್ಣಗಾಗುವಿಕೆಯೇ ಇಲ್ಲ. ಗಾಯವಿಲ್ಲದಿದ್ದರೂ ಐಎಲ್-17ನಂತಹ ಉರಿಯೂತದ ಸಂಕೇತಗಳು ಹೊರಡುತ್ತಲೇ ಇರುತ್ತವೆ. ಗಾಯದ ಅಂಚಿನಲ್ಲಿ ಕಾಣಿಸುವ ಕೆರಟಿನ್ 16 ಎಂಬ ಪ್ರೋಟೀನ್ ಇಲ್ಲಿಯೂ ಕಾಣಿಸುತ್ತದೆ. ಸುಮಾರು ಒಂದು ತಿಂಗಳಲ್ಲಿ ಬದಲಾಗಬೇಕಾದ ಹೊರಪದರ ಕೆಲವೇ ದಿನಗಳಲ್ಲಿ ಬದಲಾಗಿ, ಬೆಳ್ಳಗಿನ ಹೊಟ್ಟಾಗಿ ಉದುರುತ್ತದೆ.

ಹಾಗಾಗಿ ನಿಜವಾದ ತೊಂದರೆ ಗಾಯ ಮಾಯುವುದರಲ್ಲಲ್ಲ, ಮಾಯುವ ಜಾಗದಲ್ಲೇ ಹೊಸ ಸೋರಿಯಾಸಿಸ್ ಏಳುವುದರಲ್ಲಿದೆ. 1870ರ ದಶಕದಲ್ಲಿ ಜರ್ಮನ್ ಚರ್ಮವೈದ್ಯ ಹೈನ್‌ರಿಷ್ ಕೋಬ್ನರ್ ಇದನ್ನು ಗುರುತಿಸಿದರು. ಕುದುರೆ ಕಚ್ಚಿದ ಗಾಯ, ಹಚ್ಚೆಯ ಗೆರೆ, ಇಂಥ ಕಡೆಯೆಲ್ಲ ಕಲೆಗಳು ಎದ್ದಿದ್ದವು. ಅವರ ಹೆಸರಿನಲ್ಲೇ ಇದನ್ನು ಕೋಬ್ನರ್ ವಿದ್ಯಮಾನ ಎನ್ನುತ್ತಾರೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗಬಹುದು, ಸಾಮಾನ್ಯವಾಗಿ ಪೆಟ್ಟಾದ 10ರಿಂದ 20 ದಿನಗಳಲ್ಲಿ. ದೊಡ್ಡ ಗಾಯವೇ ಬೇಕೆಂದಿಲ್ಲ: ಕೆರೆತ, ಬಿಸಿಲಿಗೆ ಸುಟ್ಟ ಚರ್ಮ, ಸೀರೆಯೊಳಗಿನ ಲಂಗದ ಲಾಡಿ ಸೊಂಟದ ಮೇಲೆ ದಿನವೂ ಉಜ್ಜುವುದು ಕೂಡ ಸಾಕು. (ಹಚ್ಚೆ ಹಾಕಿಸಿಕೊಳ್ಳುವ ಆಸೆ ಇದ್ದವರು ಇಲ್ಲಿ ಸ್ವಲ್ಪ ನಿಲ್ಲಲಿ.) ಗಾಯದಿಂದ ಪಕ್ಕದವರಿಗೆ ಸೋರಿಯಾಸಿಸ್ ಅಂಟುತ್ತದೆ ಎಂಬುದಂತೂ ಶುದ್ಧ ಸುಳ್ಳು.

ಆಪರೇಷನ್ ಬೇಕಿದ್ದರೆ ಹೆದರಿ ಮುಂದೂಡಬೇಡಿ. ಕಾಯಿಲೆ ಹತೋಟಿಯಲ್ಲಿದ್ದಾಗ ಮಾಡಿಸುವುದು, ಸಾಧ್ಯವಾದಷ್ಟು ಕಲೆ ಇಲ್ಲದ ಚರ್ಮದಲ್ಲಿ ಕುಯ್ಯುವುದು ಒಳ್ಳೆಯದು. ಮೆಥೊಟ್ರೆಕ್ಸೇಟ್ ಅಥವಾ ಬಯೋಲಾಜಿಕ್ ಚುಚ್ಚುಮದ್ದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸೋಂಕಿನ ಬಗ್ಗೆ ಎಚ್ಚರ ಬೇಕು. ಆದರೆ ಅವನ್ನು ನಿಲ್ಲಿಸಬೇಕೇ, ಯಾವಾಗ ಎಂಬುದನ್ನು ವೈದ್ಯರೇ ಹೇಳಲಿ. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ಬಿಟ್ಟರೆ ಸೋರಿಯಾಸಿಸ್ ಮೈತುಂಬ ಕೆರಳಬಹುದು.

ಮನೆಯಲ್ಲಿ ಸಣ್ಣ ಗಾಯವಾದರೆ ನೀರಿನಿಂದ ತೊಳೆದು, ವ್ಯಾಸಲಿನ್ ಹಚ್ಚಿ, ಶುಭ್ರ ಬಟ್ಟೆಯಿಂದ ಮುಚ್ಚಿ. ಸುಣ್ಣ, ಟೂತ್‌ಪೇಸ್ಟ್ ಬೇಡ. ಹೆಕ್ಕಳೆ ಕೀಳಬೇಡಿ. ಕೀವು, ಜ್ವರ, ಹೆಚ್ಚುತ್ತಿರುವ ನೋವು ಕಂಡರೆ ಅಥವಾ ಗಾಯದ ಅಂಚು ನೇರಳೆಗೆ ತಿರುಗಿ ದಿನದಿಂದ ದಿನಕ್ಕೆ ಹರಡುತ್ತಿದ್ದರೆ ಕೂಡಲೇ ತೋರಿಸಿ.